ಚಿರತೆ ಇರುವ ಪಾಯಿಖಾನೆ

ನಲವತ್ತೆರಡು ಎಂದು ಹೇಳಿ ತಾವೇ ಬಿದ್ದು ಬಿದ್ದು ನಗುವ ಒಂದು ಪಂಗಡ ಈ ಲೋಕದಲ್ಲಿದೆ. ಹೆಚ್ಚಾಗಿ ಕಂಪ್ಯೂಟರ್ ಕಸುಬಿನವರು. ಪಾಸ್‌ವರ್ಡ್ ಇಟ್ಟರೆ ಅದರಲ್ಲೊಂದು 42, ಬಾಯಿಗೆ ಬಂದ ಸಂಖ್ಯೆ ಹೇಳಿ ಎಂದರೂ 42. ಯಾಕಪ್ಪಾ ನಗ್ತೀಯ ಎಂದು ಕೇಳಿ ನೋಡಿ, ‘ಪಾಪ, ಇವರಿಗೆ ಗೊತ್ತಿಲ್ಲ’ ಎನ್ನುವ ಮುಖ ಮಾಡುತ್ತಾರೆ. ನನ್ನ ಅಕ್ಕನ ಮಗನೂ ಈ ಪಂಗಡದವನೇ. ಪುಸ್ತಕ ಓದಿದ್ದೀಯೇನೋ ಎಂದರೆ, “ಅದನ್ನ ಓದೋದೇನಿದೆ ಮಾಮ, ಎಲ್ಲರಿಗೂ ಗೊತ್ತಿರೋದೇ ಅಲ್ವಾ” ಅಂದ. ಓದದೆಯೇ ಎಲ್ಲರಿಗೂ ಗೊತ್ತಿರುವ ಭಾಗ್ಯ ರಾಮಾಯಣಕ್ಕೆ ಬರಲು ಸಾವಿರಾರು ವರ್ಷ ಹಿಡಿಯಿತು; ಡಗ್ಲಾಸ್ ಆಡಮ್ಸ್ ಎಂಬ ಇಂಗ್ಲಿಷರ ಆಸಾಮಿ ನಲವತ್ತು ಚಿಲ್ಲರೆ ವರ್ಷದಲ್ಲಿ ಗಿಟ್ಟಿಸಿಕೊಂಡ.

ಪುಸ್ತಕದ ಹೆಸರು ‘ದಿ ಹಿಚ್‌ಹೈಕರ್ಸ್ ಗೈಡ್ ಟು ದ ಗ್ಯಾಲಕ್ಸಿ’. 1979ರದ್ದು. ಅದಕ್ಕೆ ಹಿಂದಿನ ವರ್ಷ ಬಿಬಿಸಿ ರೇಡಿಯೋದಲ್ಲಿ ನಾಟಕವಾಗಿ ಬಂದಿತ್ತು. ಓದುವಾಗ ಯಾರೋ ಪಕ್ಕದಲ್ಲಿ ಕೂತು ಮಾತಾಡುತ್ತಿದ್ದಾರೆ ಅನ್ನಿಸುವುದು ಅದಕ್ಕೇ. ಕಥೆ ಅಂತ ಹುಡುಕಿದರೆ ಕೈಗೆ ಸಿಗುವುದು ಬೊಗಸೆಯಷ್ಟು. ಮಿಕ್ಕಿದ್ದೆಲ್ಲ ದಾರಿ ಬಿಟ್ಟು ಅಲೆದಾಟ. ಒಬ್ಬ ಕುಡಿಯಲು ಗ್ಲಾಸ್ ಎತ್ತಿದ ಎನ್ನುವಷ್ಟರಲ್ಲಿ ಆ ಪೇಯದ ಚರಿತ್ರೆ, ಕುಡಿದವರ ಪಾಡು ಎಲ್ಲ ಮುಗಿಸಿಕೊಂಡು ಬಂದು, ‘ಎಲ್ಲಿದ್ದೆವು?’ ಎನ್ನುತ್ತದೆ. ಅಂದರೆ ನಮ್ಮ ಹರಟೆಯೇ, ರಾಕೆಟ್ ಹತ್ತಿದೆ ಅಷ್ಟೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಈ ನಲವತ್ತೆರಡು ಪಂಗಡದವರು ನಗುವುದು ಸರಿಯಾದ ಪುಸ್ತಕಕ್ಕೇ, ಆದರೆ ತಪ್ಪು ಜಾಗದಲ್ಲಿ. ನಗಬೇಕಾದದ್ದು ಪಾಯಿಖಾನೆಯ ಹತ್ತಿರ.

ಒಂದು ಗುರುವಾರ ಬೆಳಿಗ್ಗೆ ಆರ್ಥರ್ ಡೆಂಟ್ ಎಂಬ ಪಾಪದ ಪ್ರಾಣಿ ಹಲ್ಲುಜ್ಜುತ್ತ ಕಿಟಕಿಯಾಚೆ ನೋಡಿದರೆ ಹಳದಿ ಬುಲ್ಡೋಜರ್ ನಿಂತಿದೆ. ಬೈಪಾಸ್ ರಸ್ತೆಗೆ ಅವನ ಮನೆ ಅಡ್ಡ. ಹೋಗಿ ಕೆಸರಿನಲ್ಲಿ ಅದರ ಮುಂದೆಯೇ ಮಲಗುತ್ತಾನೆ. ಕೌನ್ಸಿಲ್‌ನ ಪ್ರಾಸರ್ ಎಂಬ ಅಧಿಕಾರಿ, ‘ನಕ್ಷೆಯನ್ನು ಸಾರ್ವಜನಿಕರ ಅವಗಾಹನೆಗೆ ಇಡಲಾಗಿತ್ತಲ್ಲ, ಆಗಲೇ ಆಕ್ಷೇಪಣೆ ಸಲ್ಲಿಸಬೇಕಿತ್ತು’ ಎಂಬ ವರಸೆ ತೆಗೆಯುತ್ತಾನೆ. ಇಟ್ಟದ್ದು ಹೌದು. ಎಲ್ಲಿ? ದೀಪವಿಲ್ಲದ, ಮೆಟ್ಟಿಲೂ ಇಲ್ಲದ ನೆಲಮಾಳಿಗೆಯಲ್ಲಿ, ಯಾರೂ ಬಳಸದ ಪಾಯಿಖಾನೆಯೊಳಗೆ, ಬೀಗ ಹಾಕಿದ ಕಡತದ ಬೀರುವಿನ ತಳದಲ್ಲಿ. ಪಾಯಿಖಾನೆಯ ಬಾಗಿಲಿಗೆ, ಚಿರತೆ ಇದೆ ಹುಷಾರು ಎಂಬರ್ಥದ ಬೋರ್ಡು.

ಆ ಚಿರತೆಯ ಮುಂದೆ 42 ಯಾವ ಲೆಕ್ಕ ಸ್ವಾಮಿ! ಬೀಗ, ಕತ್ತಲೆ ಇವೆಲ್ಲ ಯಾವ ಕಚೇರಿಯಲ್ಲಾದರೂ ಸಿಗುವ ಮಾಲು. ಚಿರತೆ ಮಾತ್ರ ಪ್ರತಿಭೆ.

ಅಷ್ಟಕ್ಕೇ ಬಿಟ್ಟಿದ್ದರೆ ಒಳ್ಳೆಯ ನಗೆಹನಿಯಾಗುತ್ತಿತ್ತು. ಇನ್ನೂ ಸ್ವಲ್ಪ ಹೊತ್ತಿಗೆ ವೋಗನ್ ಎಂಬ ಅನ್ಯಲೋಕದವರ ಹಡಗುಗಳು ಆಕಾಶ ತುಂಬಿಕೊಂಡು ಬಂದು, ಅಂತರಿಕ್ಷ ಬೈಪಾಸಿಗೆ ಭೂಮಿ ಅಡ್ಡವಿದೆ, ಕೆಡವುತ್ತಿದ್ದೇವೆ ಎನ್ನುತ್ತವೆ. ಜನ ಬೊಬ್ಬೆ ಹೊಡೆದರೆ ಅದೇ ರಾಗ: ನಕ್ಷೆ ಆಲ್ಫಾ ಸೆಂಟಾರಿಯ ಕಚೇರಿಯಲ್ಲಿ 50 ವರ್ಷ ಇತ್ತು, ಬಂದು ನೋಡದಿದ್ದರೆ ನಾವೇನು ಮಾಡೋಣ? ಅದಕ್ಕೆ ಮುಂಚೆ ಎಚ್. ಜಿ. ವೆಲ್ಸ್ 1898ರಲ್ಲಿ ಇಳಿಸಿದ ಮಂಗಳದವರು ಭೂಮಿಯನ್ನು ಗೆಲ್ಲಲು ಬಂದಿದ್ದರು. ಆರ್ಥರ್ ಕ್ಲಾರ್ಕನ ಕಪ್ಪು ಶಿಲೆ ನಮ್ಮನ್ನು ಉದ್ಧಾರ ಮಾಡಲು ಬಂದಿತ್ತು. ಎರಡರಲ್ಲೂ ನಮಗೊಂದು ಗೌರವವಿತ್ತು. ಆಡಮ್ಸ್‌ನ ವೋಗನ್ನರಿಗೆ ನಮ್ಮ ಮೇಲೆ ಸಿಟ್ಟೂ ಇಲ್ಲ, ಪ್ರೀತಿಯೂ ಇಲ್ಲ. ನಾವು ಬರೀ ಒತ್ತುವರಿ ತೆರವು. ಬ್ರಹ್ಮಾಂಡವೆಂದರೆ ಒಂದು ದೊಡ್ಡ ಕಚೇರಿ, ಊಟದ ಹೊತ್ತಿನಲ್ಲಿ ಹೋಗಿದ್ದೀರಿ, ಸಾಹೇಬರು ಸೀಟಿನಲ್ಲಿಲ್ಲ ಎನ್ನುವುದನ್ನು ಇಷ್ಟು ಹಗುರವಾಗಿ ಹೇಳಿದ ಇನ್ನೊಬ್ಬನನ್ನು ನಾನು ಓದಿಲ್ಲ.

ಫೋರ್ಡ್ ಪ್ರಿಫೆಕ್ಟ್ ಎಂಬ ಗೆಳೆಯ ಆರ್ಥರನನ್ನು ಕೆಸರಿನಿಂದ ಎಬ್ಬಿಸುವ ಪ್ರಸಂಗ ಬೇರೆ ಇದೆ. ಇವನು ಬೇರೆ ಗ್ರಹದವನು. ಭೂಮಿಗೆ ಬರುವಾಗ ಯಾರ ಕಣ್ಣಿಗೂ ಬೀಳದ ಹೆಸರಿರಲಿ ಎಂದು ಒಂದು ಕಾರಿನ ಮಾಡೆಲ್ಲಿನ ಹೆಸರು ಇಟ್ಟುಕೊಂಡವನು. ‘ಇವನು ದಿನವಿಡೀ ಇಲ್ಲೇ ಮಲಗುತ್ತಾನೆಂದು ನೀವು ಹೇಗೂ ಒಪ್ಪಿದ್ದೀರಲ್ಲ, ಹಾಗಾದರೆ ಇವನು ನಿಜವಾಗಿ ಮಲಗಿರಲೇಬೇಕೆಂದಿಲ್ಲ’ ಎಂದು ಪ್ರಾಸರನಿಗೆ ಒಪ್ಪಿಸುತ್ತಾನೆ. ಒಪ್ಪಿದ ಮೇಲೆ, ‘ಇವನ ಬದಲಿಗೆ ನೀವೇ ಮಲಗಿ’ ಎನ್ನುತ್ತಾನೆ. ಪ್ರಾಸರ್ ಮಲಗುತ್ತಾನೆ! ಇವರಿಬ್ಬರೂ ಪಬ್ಬಿಗೆ ಹೋಗಿ ಆರು ಪೈಂಟ್ ಬಿಯರಿಗೆ ಐದು ಪೌಂಡಿನ ನೋಟು ಕೊಟ್ಟು ಚಿಲ್ಲರೆ ನೀನೇ ಇಟ್ಟುಕೋ ಎನ್ನುತ್ತಾರೆ. ಲೋಕ ಮುಳುಗಲು ಇನ್ನು ಕೆಲವೇ ನಿಮಿಷ ಇರುವಾಗ ಉದಾರಿಯಾಗುವುದು ಸುಲಭ.

ಹಾಗಾದರೆ 42? ಜೀವನ, ವಿಶ್ವ ಎಲ್ಲದರ ಅಂತಿಮ ಪ್ರಶ್ನೆಗೆ ಒಂದು ಮಹಾ ಕಂಪ್ಯೂಟರ್ 75 ಲಕ್ಷ ವರ್ಷ ಯೋಚಿಸಿ ಕೊಟ್ಟ ಉತ್ತರ ಅದು. ಪ್ರಶ್ನೆ ಏನೆಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಅದನ್ನು ಹುಡುಕಲೆಂದೇ ಕಟ್ಟಿಸಿದ ಇನ್ನೊಂದು ಕಂಪ್ಯೂಟರೇ ನಮ್ಮ ಭೂಮಿ. ಲೆಕ್ಕ ಮುಗಿಯಲು ಐದು ನಿಮಿಷವಿರುವಾಗ ಬೈಪಾಸಿನವರು ಬಂದರು. ನೋಡಿ, ಇಲ್ಲೂ ನಗು ಇರುವುದು ಸಂಖ್ಯೆಯಲ್ಲಲ್ಲ, ಇಲಾಖೆ ಇಲಾಖೆಗಳ ನಡುವಿನ ಸಮನ್ವಯದಲ್ಲಿ. ಮುಂದಿನ ಭಾಗದಲ್ಲಿ ಆ ಪ್ರಶ್ನೆ ‘ಆರೊಂಬತ್ತಲ ಎಷ್ಟು’ ಎಂದು ಹೊರಬೀಳುತ್ತದೆ. ಪಂಡಿತರು ಬಿಡುತ್ತಾರೆಯೇ? 13ರ ಆಧಾರದ ಎಣಿಕೆಯಲ್ಲಿ ಆರೊಂಬತ್ತಲ ನಲವತ್ತೆರಡೇ ಆಗುತ್ತದೆಂದು ಕಂಡುಹಿಡಿದರು. ತಾನು ಅಂಥ ಲೆಕ್ಕದಲ್ಲಿ ತಮಾಷೆ ಬರೆಯುವವನಲ್ಲ, ಅದು ಸುಮ್ಮನೆ ಹೊಳೆದ ಒಂದು ಸಾಧಾರಣ ಸಂಖ್ಯೆ ಎಂದು ಆಡಮ್ಸ್ ತಲೆ ಚಚ್ಚಿಕೊಂಡರೂ ಕೇಳಲಿಲ್ಲ. 2019ರಲ್ಲಂತೂ 42ನ್ನು ಮೂರು ಘನಸಂಖ್ಯೆಗಳ ಮೊತ್ತವಾಗಿ ಬರೆಯಲು ಬುಕರ್ ಮತ್ತು ಸದರ್‌ಲ್ಯಾಂಡ್ ಎಂಬ ಇಬ್ಬರು ಗಣಿತಜ್ಞರು ಸಾವಿರಾರು ಜನರ ಮನೆಯ ಕಂಪ್ಯೂಟರುಗಳನ್ನು ದುಡಿಸಿದರು. ನೂರರೊಳಗೆ ಕೊನೆಯವರೆಗೂ ಸತಾಯಿಸಿದ ಸಂಖ್ಯೆ ಅದೊಂದೇ. ಇದು ಮಾತ್ರ ಕಟ್ಟುಕಥೆಯಲ್ಲ. ಆಡಮ್ಸ್ ಬದುಕಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದ.

ಟವೆಲ್ಲಿನ ಪಂಗಡ ಬೇರೆ. ನಕ್ಷತ್ರಗಳ ನಡುವೆ ಅಲೆಯುವವನ ಬಳಿ ಟವೆಲ್ ಇದ್ದರೆ ಸಾಕು, ಹೊದೆಯಬಹುದು, ಹಾಸಬಹುದು, ಒದ್ದೆ ಮಾಡಿ ಬೀಸಿ ಹೊಡೆಯಲೂಬಹುದು ಎಂದು ಪುಸ್ತಕದ ಉಪದೇಶ. ಆಡಮ್ಸ್ 2001ರ ಮೇ 11ರಂದು, ಬರೀ 49ಕ್ಕೆ, ಹೃದಯಾಘಾತದಿಂದ ತೀರಿಕೊಂಡ. ಎರಡು ವಾರಕ್ಕೆ ಅಭಿಮಾನಿಗಳು ಟವೆಲ್ ದಿನ ಆಚರಿಸಿದರು. ಈಗಲೂ ಪ್ರತಿ ಮೇ 25ಕ್ಕೆ ಹೆಗಲಿಗೆ ಟವೆಲ್ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮೂರಿನ ಹಿರಿಯರು ಅದನ್ನೇ 365 ದಿನವೂ ಹಾಕಿಕೊಂಡಿದ್ದರು, ಅವರ ಫೋಟೋ ಯಾರೂ ಕೇಳಲಿಲ್ಲ.

ಮಾರ್ವಿನ್ ಎಂಬ ರೋಬಾಟನ್ನು ಬಿಟ್ಟರೆ ಪಾಪ ಬಂದೀತು. ಗ್ರಹದಷ್ಟು ದೊಡ್ಡ ಬುದ್ಧಿ, ಮಾಡುವ ಕೆಲಸ ಬಾಗಿಲು ತೆಗೆದು ಜನರನ್ನು ಕರೆತರುವುದು. ಬಾಗಿಲುಗಳೋ ತೆರೆಯುವಾಗ ಆನಂದದಿಂದ ನಿಟ್ಟುಸಿರು ಬಿಡುತ್ತವೆ, ಕಂಪನಿಯವರು ಅವಕ್ಕೂ ವ್ಯಕ್ತಿತ್ವ ತುಂಬಿದ್ದಾರೆ. ಆಗ ಅತಿಯಾಯಿತು ಎಂದವರು, ಈಗ ನಮ್ಮ ದೂರನ್ನು ದಾಖಲಿಸಲು ತನಗೆ ಬಹಳ ಸಂತೋಷವಾಗುತ್ತಿದೆ ಎನ್ನುವ ಫೋನಿನ ಯಂತ್ರಗಳ ಜೊತೆ ಸ್ವಲ್ಪ ಮಾತಾಡಲಿ.

ಕೊರತೆ ಇಲ್ಲವೆಂದಲ್ಲ. ಟ್ರಿಲಿಯನ್ ಎಂಬ ಹೆಣ್ಣುಮಗಳು ಖಗೋಳ ವಿಜ್ಞಾನಿ. ಆದರೆ ಅವಳಿಗೆ ಲೇಖಕ ಒಂದು ಒಳ್ಳೆಯ ನಗೆಮಾತನ್ನೂ ಕೊಡಲಿಲ್ಲ. ಮೊದಲ ಪುಸ್ತಕ ನಡುದಾರಿಯಲ್ಲಿ ತಟ್ಟನೆ ನಿಲ್ಲುತ್ತದೆ. ಕಲಾತಂತ್ರವೇನಲ್ಲ, ಗಡುವು ಮೀರಿ ಮೀರಿ ಬೇಸತ್ತ ಪ್ರಕಾಶಕರು ಈಗ ಬರೆಯುತ್ತಿರುವ ಪುಟ ಮುಗಿಸಿ ಕೊಟ್ಟುಬಿಡು ಎಂದದ್ದಕ್ಕೆ ಹಾಗಾಯಿತಂತೆ. ನಾಲ್ಕನೆಯದರ ಹೊತ್ತಿಗೆ, 1984ರಲ್ಲಿ, ದೆಹಲಿಯಲ್ಲಿ ಹುಟ್ಟಿದ ನಮ್ಮ ಸನ್ನಿ ಮೆಹ್ತಾ ಲಂಡನ್ನಿನಲ್ಲಿ ಅವನ ಸಂಪಾದಕ. ಮೆಹ್ತಾ ಅವನನ್ನು ಹೋಟೆಲಿನ ಕೋಣೆಯಲ್ಲಿ ಕೂಡಿಹಾಕಿ, ಪಕ್ಕದಲ್ಲೇ ಕಾವಲು ಕೂತು ಬರೆಸಬೇಕಾಯಿತು. ಮೂರು ಭಾಗವೆಂದು ಹೊರಟದ್ದು ಹೀಗೆ ಐದಾಯಿತು. ಐದನೆಯದು ಓದಿದರೆ ನಗುವುದಿರಲಿ, ಊಟ ಸೇರುವುದಿಲ್ಲ.

ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿ ಅವನ ಸಮಾಧಿಗೆ ಹೋಗುವವರು ಹೂವಿನ ಬದಲು ಪೆನ್ನು ಚುಚ್ಚಿ ಬರುತ್ತಾರೆ. ಬರೆಯುವುದೆಂದರೆ ಮಾರು ದೂರ ಓಡುತ್ತಿದ್ದ ಮನುಷ್ಯನಿಗೆ ಅಲ್ಲೂ ಬಿಡುವು ಕೊಟ್ಟಿಲ್ಲ ನೋಡಿ.