ಎಂಟಕ್ಷರದ ಚಿಪ್ಪಿನಣ್ಣ

ಬಸ್ ಸ್ಟ್ಯಾಂಡಿನಿಂದ ಹೊರಬಿದ್ದರೆ ಎಡಕ್ಕೆ ಮಿರ್ಚಿ ಬಂಡಿ, ಬಲಕ್ಕೆ ಝೆರಾಕ್ಸ್ ಅಂಗಡಿ, ನಡುವಿನ ಸಂದಿಯಲ್ಲಿ ಚಿಪ್ಪಿನಣ್ಣ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಯಾವ ಊರಿಗೆ ಹೋದರೂ ಇವನಿದ್ದಾನೆ. ಮೆಮೊರಿ ಕಾರ್ಡು, ಪೆನ್‌ಡ್ರೈವ್ ಏನೇ ಕೊಟ್ಟರೂ ಅದಕ್ಕೆ ಹಾಡು ತುಂಬಿ ಕೊಡುವುದು ಇವನ ಕಸುಬು. ಹಾಡಿನ ಹಕ್ಕುಸ್ವಾಮ್ಯದ ಮಾತೆತ್ತಿದರೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾನೆ.

ಊರವರು ಇವನನ್ನು ಕಂಪ್ಯೂಟರ್ ಪಂಡಿತ ಅಂದುಕೊಂಡಿದ್ದಾರೆ. ಅವನೂ ಅಲ್ಲವೆಂದಿಲ್ಲ. ನನ್ನ ಲೆಕ್ಕದಲ್ಲಿ ಅವನ ಪಾಂಡಿತ್ಯವೆಲ್ಲ ಒಂದೇ ವಿದ್ಯೆಯಲ್ಲಿದೆ: ದೊಡ್ಡ ಹೆಸರನ್ನು ಗಿಡ್ಡ ಮಾಡುವುದು.

ಟ್ರ್ಯಾಕ್ಟರಿನವರು ಬಂದಾಗ ಈ ವಿದ್ಯೆ ಹೊರಬೀಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತದ ಕೊಯ್ಲು ಶುರುವಾಯಿತೆಂದರೆ ಗಂಗಾವತಿ, ಕಾರಟಗಿ ಕಡೆಯ ಟ್ರ್ಯಾಕ್ಟರುಗಳಿಗೆಲ್ಲ ಹಾಡು ಬೇಕು. ಟ್ರ್ಯಾಕ್ಟರಿನ ಡೆಕ್ಕು ಅಗ್ಗದ್ದು, ಅದರ ಕಿಟಕಿ ಬೆರಳಗಲ. ಅದರಲ್ಲಿ ಹಾಡಿನ ಹೆಸರು ಓಡಬೇಕಾದ ಕಡೆ ಆರು ಇಂಗ್ಲಿಷ್ ಅಕ್ಷರ, ಒಂದು ಡೊಂಕು ಗೆರೆ, ಒಂದು ಅಂಕಿ ಕಾಣುತ್ತವೆ. ಊರ ಹೆಸರಿಟ್ಟ ಹಾಡಾದರೆ ‘ಗಂಗಾವ~1.’ ಗಿರಾಕಿ ಕೆರಳುತ್ತಾನೆ. “ಅಲ್ಲಪಾ, ನಮ್ಮೂರ ಬಾಲಾ ಯಾವನ್ ಕತ್ತರಿಸ್ಯಾನ?”

ಕತ್ತರಿಸಿದ್ದು ಇಂದು ನಿನ್ನೆಯಲ್ಲ. ಹೆಸರಿಗೆ ಎಂಟಕ್ಷರ, ಚುಕ್ಕಿಯಾದ ಮೇಲೆ ಮೂರಕ್ಷರ ಎಂಬ ಕಟ್ಟಳೆ 1970ರ ದಶಕದಲ್ಲಿ ಗ್ಯಾರಿ ಕಿಲ್ಡಾಲ್ ಎಂಬ ಅಮೆರಿಕದವನು ಬರೆದ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಂ ಕಾಲದ್ದು. ಅದು ಹಾಗೆಯೇ 1981ರ ಡಾಸ್‌ಗೆ ಬಂತು. ಉದ್ದ ಹೆಸರಿಡುವ ಭಾಗ್ಯ ವಿಂಡೋಸ್ ಬಳಸುವ ಸಾಮಾನ್ಯರಿಗೆ ಸಿಕ್ಕಿದ್ದು 1995ರಲ್ಲಿ, ಅಂದರೆ ರಾಯಚೂರಿನಿಂದ ಕೊಪ್ಪಳ ಜಿಲ್ಲೆ ಬೇರೆಯಾಗುವ ಎರಡು ವರ್ಷ ಮೊದಲು. ಆದರೆ ಹಳೆಯ ಯಂತ್ರಗಳು ಹೆದರಿ ಕೂರಬಾರದಲ್ಲ? ಅದಕ್ಕೇ ಉದ್ದ ಹೆಸರಿನ ಪ್ರತಿ ಫೈಲಿಗೂ ಎರಡು ಹೆಸರು. ಆಧಾರ್ ಕಾರ್ಡಿನಲ್ಲಿ ಶರಣಬಸವರಾಜ, ಓಣಿಯಲ್ಲಿ ಶರಣ್ಯಾ ಇದ್ದಹಾಗೆ. ಉದ್ದ ಹೆಸರನ್ನು 13 ಅಕ್ಷರಗಳ ತುಂಡು ಮಾಡಿ, ಹಳೆಯ ಸಾಫ್ಟ್‌ವೇರಿನ ಕಣ್ಣಿಗೆ ಬೀಳದಂಥ ಗುರುತು ಹಾಕಿ, ಗಿಡ್ಡ ಹೆಸರಿನ ಪಕ್ಕದಲ್ಲೇ ಅಡಗಿಸುತ್ತಾರೆ. ಹೊಸ ಫೋನು ಶರಣಬಸವರಾಜನನ್ನು ಓದುತ್ತದೆ, ಟ್ರ್ಯಾಕ್ಟರಿನ ಡೆಕ್ಕು ಶರಣ್ಯಾ ಎಂದು ಕೂಗುತ್ತದೆ.

ಚಿಪ್ಪಿನಣ್ಣನಿಗೆ ಕಿಲ್ಡಾಲ್ ಗೊತ್ತಿಲ್ಲ. ಆದರೆ ಎಂಟಕ್ಷರದ ಮೇಲೆ ಅವನು ಕಟ್ಟಿದ ಜಿಲ್ಲಾ ಭೂಗೋಳವೊಂದಿದೆ. ಇಂಗ್ಲಿಷಿನಲ್ಲಿ ಕೊಪ್ಪಳಕ್ಕೆ ಆರಕ್ಷರ, ಆರಾಮಾಗಿ ಕೂರುತ್ತದೆ. ಕುಷ್ಟಗಿಗೆ ಎಂಟು, ಯಲಬುರ್ಗಾಕ್ಕೆ ಎಂಟು, ಅಳತೆ ಕೊಟ್ಟು ಹೊಲಿಸಿದಂತೆ ಸರಿಯಾಗಿ. ಆನೆಗೊಂದಿಯೂ ಎಂಟೇ. ಗಂಗಾವತಿಗೆ ಮಾತ್ರ ಒಂಬತ್ತು. ಒಂದೇ ಒಂದಕ್ಷರ ಹೆಚ್ಚಾಗಿದ್ದಕ್ಕೆ ಭತ್ತದ ಕಣಜಕ್ಕೆ ಈ ಅವಮಾನ. ಹೊಸ ತಾಲ್ಲೂಕುಗಳಲ್ಲಿ ಕುಕನೂರು, ಕಾರಟಗಿ ಪಾಸು. ಹತ್ತಕ್ಷರದ ಕನಕಗಿರಿ ಫೇಲು. “ಕಣ್ಣಿದ್ದಾವ್ರು ಕನಕಗಿರಿ ನೋಡ್ಬೇಕು ಅಂತಾರ, ಈ ಡೆಕ್ಕಿನ್ಯಾಗ ಕಣ್ಣಿದ್ರೂ ಕಾಣಂಗಿಲ್ರೀ” ಎಂದು ಆ ಊರಿನವರ ಮುಖಕ್ಕೇ ಹೇಳುತ್ತಾನೆ. ಹಾಗೆ ಹೇಳಿದ ದಿನ ಗಿರಾಕಿಯಿಂದ ಹತ್ತು ರೂಪಾಯಿ ಕಮ್ಮಿ ತೆಗೆದುಕೊಳ್ಳುತ್ತಾನೆ.

ಕನ್ನಡದಲ್ಲೇ ಹೆಸರಿಟ್ಟುಕೊಂಡು ಬರುವವರೂ ಇದ್ದಾರೆ. ಇಂಥವರನ್ನು ಕಂಡರೆ ಅವನಿಗೆ ಗೌರವ, ಜೊತೆಗೆ ಭಯ. ಗಿಡ್ಡ ಹೆಸರಿನಲ್ಲಿ ಕನ್ನಡಕ್ಕೆ ಜಾಗವಿಲ್ಲದೆ ಡೆಕ್ಕಿನ ಕಿಟಕಿಯಲ್ಲಿ ಬರೀ ಅಡಿಗೆರೆಗಳು ಸಾಲುಗಟ್ಟುತ್ತವೆ. ಒಮ್ಮೆ ಮೇಷ್ಟರೊಬ್ಬರು ಶಾಲೆಯ ವಾರ್ಷಿಕ ವರದಿ ತಂದಿದ್ದರು. ಫೈಲಿನ ಹೆಸರೇ ಒಂದು ಪ್ಯಾರಾ: ಶಾಲೆ, ಹೋಬಳಿ, ತಾಲ್ಲೂಕು, ಸಾಲು, ‘ಅಂತಿಮ’, ‘ಪರಿಷ್ಕೃತ ಅಂತಿಮ’, ‘ಇದೇ ಅಂತಿಮ’. ವಿಂಡೋಸಿನಲ್ಲಿ ತೆರೆಯುತ್ತದೆ, ಲಿನಕ್ಸಿನ ಲ್ಯಾಪ್‌ಟಾಪಿಗೆ ನಕಲಾಗುವುದಿಲ್ಲ. ಕಾರಣ ಇಷ್ಟೇ. ಪೆನ್‌ಡ್ರೈವಿನ ಲೆಕ್ಕ 255 ಚಿಹ್ನೆ, ಲಿನಕ್ಸಿನ ಲೆಕ್ಕ 255 ಬೈಟು. ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟು. ‘ಕೊಪ್ಪಳ’ ಬರೆಯಲು ಅಕ್ಷರ, ಒತ್ತು, ಸ್ವರದ ಗುರುತು ಸೇರಿ ಆರು ಚಿಹ್ನೆ, ಹದಿನೆಂಟು ಬೈಟು. ಹಾಗಾಗಿ ಎಂಬತ್ತೈದು ಕನ್ನಡ ಚಿಹ್ನೆ ದಾಟಿದರೆ ಮೇಷ್ಟರ ವರದಿ ಬಾಗಿಲಲ್ಲೇ ನಿಲ್ಲುತ್ತದೆ. ಚಿಪ್ಪಿನಣ್ಣ ಇದನ್ನೆಲ್ಲ ವಿವರಿಸಲಿಲ್ಲ. “ಸರ, ಒಂದು ಅಂತಿಮ ತೆಗೀರಿ” ಅಂದ. ಮೇಷ್ಟರು ಅರ್ಧ ಗಂಟೆ ಯೋಚಿಸಿ ತಾಲ್ಲೂಕನ್ನು ತೆಗೆದರು. ಅಂತಿಮ ಮೂರೂ ಉಳಿದವು.

ಹಾಡುಗಳ ಸರದಿಯದು ಇನ್ನೊಂದು ರಾಮಾಯಣ. ಅಗ್ಗದ ಡೆಕ್ಕುಗಳಲ್ಲಿ ಹೆಚ್ಚಿನವು ಹೆಸರಿನ ಅಕಾರಾದಿಯನ್ನು ನೋಡುವುದಿಲ್ಲ, ಚಿಪ್ಪಿನ ಪಟ್ಟಿಯಲ್ಲಿ ಯಾವುದು ಮೊದಲು ಕುಳಿತಿದೆಯೋ ಅದನ್ನೇ ಹಾಡುತ್ತವೆ. ಅದಕ್ಕೇ ಇವನು ಗಣಪತಿ ಹಾಡನ್ನು ಮೊದಲು ಏರಿಸಿ, ಒಂದು ಗುಟುಕು ಚಹಾ ಕುಡಿದು, ಆಮೇಲೆ ಉಳಿದದ್ದನ್ನು ಏರಿಸುತ್ತಾನೆ. ಚಹಾಕ್ಕೂ ತಂತ್ರಜ್ಞಾನಕ್ಕೂ ಸಂಬಂಧವಿಲ್ಲ, ಅದು ಶಾಸ್ತ್ರ. ಗಿರಾಕಿ ಮನೆಗೆ ಹೋಗಿ ತಾನೇ ಒಂದು ಹಾಡು ಅಳಿಸಿ ಇನ್ನೊಂದು ಹಾಕಿದನೋ, ಹೊಸದು ಬಂದು ಬಹಳ ಸಲ ಖಾಲಿಯಾದ ಜಾಗದಲ್ಲೇ ಕುಳಿತುಬಿಡುತ್ತದೆ. ಯಲಬುರ್ಗಾ ಕಡೆಯ ಒಂದು ಮದುವೆ ಮೆರವಣಿಗೆಯಲ್ಲಿ ಗಣಪತಿಗೂ ಕುಣಿತದ ಹಾಡಿಗೂ ನಡುವೆ ‘ನೀ ನನ್ನ ಬಿಟ್ಟು ಹೋದೆ’ ಥರದ್ದೊಂದು ನುಗ್ಗಿತಂತೆ. ಮದುವೆ ಗಂಡಿನ ಮುಖ ಕಪ್ಪಿಟ್ಟಿತು. ಬೈಗುಳ ಬಂದದ್ದು ಚಿಪ್ಪಿನಣ್ಣನ ಅಂಗಡಿಗೆ.

ಬೈಗುಳ ಯಾವುದೇ ಇರಲಿ, ಅವನ ಮದ್ದು ಒಂದೇ: “ಫಾರ್ಮ್ಯಾಟ್ ಹೊಡೀಬೇಕ್ರೀ.” ಅರವತ್ನಾಲ್ಕು ಜಿಬಿಯ ಪೆನ್‌ಡ್ರೈವ್ ಕೊಂಡು ತಂದು, ಡೆಕ್ಕು ಒಲ್ಲೆ ಅನ್ನುತ್ತದೆ ಎಂದು ಅಳುವವರಿಗೂ ಇದೇ ಮದ್ದು. ಇಲ್ಲಿ ಮಾತ್ರ ಅವನ ಮಾತು ಅಪ್ಪಟ ನಿಜ. ಅಷ್ಟು ದೊಡ್ಡ ಚಿಪ್ಪುಗಳು ಹೆಚ್ಚಾಗಿ ಎಕ್ಸ್‌ಫ್ಯಾಟ್ ಎಂಬ ಹೊಸ ಕಟ್ಟಿನಲ್ಲಿ ಬರುತ್ತವೆ, ಹಳೆಯ ಡೆಕ್ಕಿಗೆ ಫ್ಯಾಟ್32 ಎಂಬ ಹಳೆಯ ಕಟ್ಟು ಬಿಟ್ಟರೆ ಬೇರೆ ತಿಳಿಯದು. ವಿಂಡೋಸ್ 32 ಜಿಬಿಗಿಂತ ದೊಡ್ಡದನ್ನು ಫ್ಯಾಟ್32 ಮಾಡಲು ಬಹುಕಾಲ ಒಪ್ಪಿರಲಿಲ್ಲ. ಇವನು ಎಲ್ಲಿಂದಲೋ ಒಂದು ಸಾಫ್ಟ್‌ವೇರ್ ತಂದಿಟ್ಟುಕೊಂಡು ಆ ಕೆಲಸವನ್ನು ಬಾಗಿಲು ಅರೆ ಮುಚ್ಚಿ ಮಾಡುತ್ತಾನೆ. ಮುಚ್ಚುವ ಅಗತ್ಯವಿಲ್ಲ. ಮುಚ್ಚಿದರೆ ಐವತ್ತು ರೂಪಾಯಿ ಕೇಳಬಹುದು.

ಈ ಉದ್ದ-ಗಿಡ್ಡ ಹೆಸರಿನದೂ ಸೇರಿ ಹಲವು ಪೇಟೆಂಟುಗಳಿಗಾಗಿ ಮೈಕ್ರೋಸಾಫ್ಟ್ 2009ರಲ್ಲಿ ಟಾಮ್‌ಟಾಮ್ ಎಂಬ ದಾರಿ ತೋರುವ ಯಂತ್ರದ ಕಂಪನಿಯನ್ನು ಕೋರ್ಟಿಗೆಳೆದಿತ್ತು, ಮುಂದಿನ ತಿಂಗಳೇ ದುಡ್ಡು ಕೊಡಿಸಿಕೊಂಡು ರಾಜಿಯಾಯಿತು. ಇದನ್ನು ಅವನಿಗೆ ಹೇಳಿದೆ. ತುಸು ಹೊತ್ತು ಸುಮ್ಮನಿದ್ದು, “ಹಂಗಾದ್ರ ಹೆಸರು ಗಿಡ್ಡ ಮಾಡೋದಕ್ಕೂ ರೊಕ್ಕಾ ಐತೇನ್ರೀ?” ಎಂದು ಕೇಳಿದ. ಮರುವಾರ ದರಪಟ್ಟಿಯಲ್ಲಿ ಹೊಸದೊಂದು ಸಾಲು ಸೇರಿತ್ತು: ‘ಹೆಸರು ಸರಿಪಡಿಸುವುದು ರೂ. 20.’

ಆ ಸಾಲಿಗೆ ಮೊದಲ ಗಿರಾಕಿ ಗಂಗಾವತಿಯವನೇ. ಚಿಪ್ಪಿನಣ್ಣ ‘ವ’ದ ಮುಂದಿನ ‘ಎ’ ಅಕ್ಷರವನ್ನು ಕಿತ್ತೊಗೆದ. ಒಂಬತ್ತು ಎಂಟಾಯಿತು, ಡೊಂಕು ಗೆರೆ ಹೋಯಿತು. ಕಿಟಕಿಯಲ್ಲಿ ಕಂಡ ಗಂಗಾವ್ತಿಯನ್ನು ಗಿರಾಕಿ ಗಂಗಾವತಿ ಎಂದೇ ಓದಿ, ಇಪ್ಪತ್ತು ರೂಪಾಯಿ ಕೊಟ್ಟು ಹೋದ. ಕನಕಗಿರಿಯವನ ಕೇಸು ಕಗ್ಗಂಟಾಯಿತು. ಎರಡಕ್ಷರ ತೆಗೆಯಬೇಕು. ಯಾವ ಎರಡು? ಮಿರ್ಚಿ ಬಂಡಿಯವನೂ ಸೇರಿ ಐದಾರು ಮಂದಿ ಸಲಹೆ ಕೊಟ್ಟರು. ಕೊನೆಗೆ ಕನಕಗಿರಿಯವನೇ ಕೇಳಿದ: “ಎರಡಕ್ಷರ ತೆಗದ್ರ ರೇಟು ನಲವತ್ತಾ, ಇಪ್ಪತ್ತಾ?”