ಓದು ಬಿಟ್ಟವರಿಗೆ ಬಹುಮಾನ

"ಕಾಲೇಜು ಬಿಡು, ದುಡ್ಡು ಕೊಡ್ತೀನಿ" ಎಂದು ಯಾರಾದರೂ ಹುಡುಗನ ತಲೆ ಕೆಡಿಸಿದರೆ ನಮ್ಮಲ್ಲಿ ಅಪ್ಪಂದಿರು ದೊಣ್ಣೆ ಹುಡುಕುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಥೀಲ್ ಫೆಲೋಶಿಪ್ ಎಂಬ ಗೌರವದ ಹೆಸರಿದೆ. 2011ರಲ್ಲಿ ಮೊದಲ ತಂಡ ಬಂದಾಗ ಎರಡು ವರ್ಷಕ್ಕೆ 1 ಲಕ್ಷ ಡಾಲರ್. ಈಗ 2 ಲಕ್ಷ. ಷರತ್ತು ಎರಡೇ: ವಯಸ್ಸು ಇಪ್ಪತ್ತೆರಡು ದಾಟಿರಬಾರದು, ತರಗತಿಯ ಕಡೆ ತಲೆ ಹಾಕಬಾರದು. ಇಥೀರಿಯಂ ಕ್ರಿಪ್ಟೊ ಜಾಲದ ವಿಟಾಲಿಕ್ ಬುಟೆರಿನ್, ಓಯೊ ಹೋಟೆಲ್ ಕಂಪನಿಯ ರಿತೇಶ್ ಅಗರ್ವಾಲ್ ಇದೇ ಹಾದಿಯವರು.

ಇನ್ನೊಂದು ಹಾದಿ, ಸ್ಟ್ಯಾನ್‌ಫರ್ಡ್‌ನ ವಿನ್ಯಾಸ ಶಾಲೆ ಡಿ.ಸ್ಕೂಲ್ ಬೆಳೆಸಿದ ಯೂನಿವರ್ಸಿಟಿ ಇನ್ನೊವೇಷನ್ ಫೆಲೋಸ್ ಎಂಬ ವಿದ್ಯಾರ್ಥಿ ಕಾರ್ಯಕ್ರಮ. ಇಲ್ಲಿ ಕಾಲೇಜು ಬಿಡುವಂತಿಲ್ಲ, ಕಾಲೇಜನ್ನೇ ತಿದ್ದಬೇಕು! ಲಕ್ಷ ಡಾಲರ್ ಇಲ್ಲ. ಗೋಡೆ ತುಂಬ ಬಣ್ಣದ ಅಂಟುಚೀಟಿ, ಚೀಟಿ ತುಂಬ ಐಡಿಯಾ. ಪ್ರಾಂಶುಪಾಲರನ್ನು ಒಪ್ಪಿಸುವ ಕಲೆಯನ್ನೂ ಕಲಿತಂತಾಯಿತು. ಮುಂದೆ ಹೂಡಿಕೆದಾರರನ್ನು ಒಪ್ಪಿಸುವುದು ಸುಲಭ.

ಯಾವುದು ಮೇಲು? ಒಂದು ಸಂಗತಿ ತಿಳಿದಿರಲಿ. ಓದು ಬಿಡಿ ಎಂದು ಹಣ ಹಂಚುವ ಪೀಟರ್ ಥೀಲ್ ಅವರ ಬಳಿ ಅದೇ ಸ್ಟ್ಯಾನ್‌ಫರ್ಡ್‌ನ ಎರಡು ಪದವಿಗಳಿವೆ: ತತ್ತ್ವಶಾಸ್ತ್ರ ಒಂದು, ಕಾನೂನು ಇನ್ನೊಂದು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ! ಕೈಯಲ್ಲಿ ಓಡುವ ಕಂಪನಿ ಇದ್ದರೆ ಹಣ ತೆಗೆದುಕೊಳ್ಳಿ. ಬರೀ ಕನಸಿದ್ದರೆ ಹಾಜರಿ ಹಾಕಿಸಿಕೊಳ್ಳಿ.