ಪಾಸಾದವರ ಡುಮ್ಕಿ

ನಮ್ಮ ಕಾಲದಲ್ಲಿ ಪರೀಕ್ಷೆಗೆ ಎರಡನೇ ಸಲ ಕಟ್ಟುವುದು ಡುಮ್ಕಿ ಹೊಡೆದವರಿಗೆ ಮಾತ್ರ ಮೀಸಲಾಗಿದ್ದ ಸವಲತ್ತು. ನಾನೂ ಅದರ ಫಲಾನುಭವಿ. 1991ರ ಪಿಯುಸಿಯಲ್ಲಿ ಭೌತಶಾಸ್ತ್ರ ಕೈಕೊಟ್ಟಿತು. ಅಕ್ಟೋಬರಿನಲ್ಲಿ ಮತ್ತೆ ಕಟ್ಟಿದೆ, ಸರಿಯಾಗಿ 35 ಬಂತು. ಇನ್ನೊಂದು ಸಲ ಕೂತರೆ 60 ಬಂದೀತೇನೋ ಎಂಬ ದುರಾಸೆ ನನಗಾಗಲಿ ಅಪ್ಪನಿಗಾಗಲಿ ಹುಟ್ಟಲೇ ಇಲ್ಲ. ಅಪ್ಪ ಗಣಪತಿ ಗುಡಿಯಲ್ಲಿ ಕಾಯಿ ಒಡೆಸಿ ಆ ಅಧ್ಯಾಯವನ್ನು ಮುಗಿಸಿಬಿಟ್ಟರು.

ಹೋದ ವರ್ಷ, 2025ರ ಜೂನ್ 14ರಂದು, ಮಗಳ ನೀಟ್ ಫಲಿತಾಂಶ ಬಂತು. 720ಕ್ಕೆ 541. ಸೀಟು ಸಿಗುತ್ತದೆ ಎಂದು ಎಲ್ಲರೂ ಅಂದರು. ಹೆಂಡತಿ ಶಾವಿಗೆ ಪಾಯಸಕ್ಕೆ ಹಾಲಿಟ್ಟಳು. ಪಾಯಸ ತಣ್ಣಗಾಗುವಷ್ಟರಲ್ಲಿ ಮಗಳು ಒಂದು ಹಾಳೆ ಹಿಡಿದು ಬಂದು ಮುಖ ಊದಿಸಿಕೊಂಡು ನಿಂತಳು. "ಅಪ್ಪಾ, ನಾನು ರಿಪೀಟ್ ಮಾಡ್ತೀನಿ."

ನಡುಮನೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ನಮ್ಮಮ್ಮ ಬೆಚ್ಚಿಬಿದ್ದರು. "ಅಯ್ಯೋ, ಫೇಲಾಯ್ತೇನೇ ಮಗಾ?"

"ಇಲ್ಲಜ್ಜಿ, ಚೆನ್ನಾಗಿ ಬಂದಿದೆ."

"ಮತ್ಯಾಕೆ ಇನ್ನೊಂದ್ಸಲ?"

"ಚೆನ್ನಾಗಿ ಬಂದಿದೆ ಅಂತಲೇ ಅಜ್ಜಿ."

ಅಮ್ಮ ನನ್ನ ಮುಖ ನೋಡಿದರು. ನಾನು ಪಾಯಸದ ಲೋಟ ನೋಡಿದೆ.

ಹಾಳೆಯ ಮೇಲಿದ್ದ ಲೆಕ್ಕ ಹೀಗೆ. 180 ಪ್ರಶ್ನೆ, ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಕಡಿತ. ಇವಳದು 140 ಸರಿ, 19 ತಪ್ಪು, 21 ಖಾಲಿ. ತಪ್ಪಾದ 19ರಲ್ಲಿ ಎಂಟು 'ಸಿಲ್ಲಿ ಮಿಸ್ಟೇಕ್' ಅಂತೆ. ಅವು ಸರಿಯಾಗಿದ್ದರೆ ತಲಾ ಐದರಂತೆ 40. ಅಲ್ಲಿಗೆ 581. ಖಾಲಿ ಬಿಟ್ಟವುಗಳಲ್ಲಿ ಹತ್ತು ಗೊತ್ತೇ ಇದ್ದವು, ಸಮಯ ಸಾಲಲಿಲ್ಲ. ಇನ್ನೂ 40. ದೀಪ ಹಚ್ಚುವ ಹೊತ್ತಿಗೆ 621ಕ್ಕೆ ತಲುಪಿದ್ದಳು. ರಾತ್ರಿ ಊಟಕ್ಕೆ ಕರೆಯದೆ ಬಿಟ್ಟಿದ್ದರೆ, ಆ ಸಲ ದೇಶಕ್ಕೇ ಮೊದಲು ಬಂದ ಹುಡುಗನ 686ನ್ನೂ ದಾಟಿ ಹೋಗುತ್ತಿದ್ದಳು.

ಆ 686 ಎಂಬುದೂ ಒಂದು ವಿಚಿತ್ರವೇ. ಅದರ ಹಿಂದಿನ ವರ್ಷ, 2024ರಲ್ಲಿ, ಮೊದಲ ಪಟ್ಟಿಯಲ್ಲಿ 67 ಮಂದಿಗೆ 720ಕ್ಕೆ 720 ಬಂದಿತ್ತು. ಕೃಪಾಂಕ ಹಿಂತೆಗೆದು, ಮರುಪರೀಕ್ಷೆ ನಡೆಸಿ, ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದ ಮೇಲೂ 17 ಮಂದಿ ಉಳಿದರು. ಆಗ 600 ದಾಟಿದ್ದ ನಮ್ಮ ಬೀದಿಯ ಹುಡುಗ ಸೀಟಿಲ್ಲದೆ ಮಂಕಾಗಿ ಕೂತ. ಈಗ 541ರ ಹುಡುಗಿಯ ಮನೆಯಲ್ಲಿ ಪಾಯಸ. ಚಿನ್ನದ ದರಕ್ಕಾದರೂ ದಿನಕ್ಕೊಂದು ಬೋರ್ಡು ಇದೆ. ಅಂಕದ ದರ ಮಾತ್ರ ಕೊಂಡ ಮೇಲೆ ಗೊತ್ತಾಗುವಂಥದ್ದು.

ಸುದ್ದಿ ಹೇಗೆ ಹರಡಿತೋ, ಮರುದಿನವೇ ಕೋಚಿಂಗ್‌ನವರೊಬ್ಬರ ಫೋನು. "ಸಾರ್, 541 ಅಂದ್ರೆ ಬಂಗಾರದ ಸ್ಕೋರು. ಲಾಂಗ್ ಟರ್ಮ್‌ಗೆ ಕಳಿಸಿ, ನೂರು ಅಂಕ ನಾವು ಸೇರಿಸ್ತೀವಿ. ನಿಮ್ಮ ಮಗಳಿಗೆ ಫೀಸಲ್ಲಿ ರಿಯಾಯಿತಿ." ಕಡಿಮೆ ಅಂಕದವರಿಗೆ ಪೂರ್ತಿ ಫೀಸಂತೆ. ಕಾಯಿಲೆ ಜೋರಾಗಿದ್ದವನಿಗೆ ಬಿಲ್ಲು ಜಾಸ್ತಿ, ಗಟ್ಟಿಮುಟ್ಟಾಗಿರುವವನಿಗೆ ಬಿಟ್ಟಿ ಚಿಕಿತ್ಸೆ. ವೈದ್ಯಕೀಯಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕೇ?

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಇನ್ನೊಂದು ದಾರಿ ತೋರಿಸಿದರು. ಸಿಇಟಿ ಸೀಟು ಹಂಚುವಾಗ ಪ್ರಾಧಿಕಾರದವರು ಕೊಡುವ ಛಾಯ್ಸ್‌ಗಳೇ ಇಡೀ ಜೀವನ ಅಂದರು. ಛಾಯ್ಸ್ ಒಂದು, ಸಿಕ್ಕಿದ್ದು ಸಾಕು. ಎರಡು, ಸಿಕ್ಕಿದ್ದು ಇರಲಿ, ಇನ್ನೂ ಒಳ್ಳೆಯದು ಬಂದರೆ ಬರಲಿ. ಮೂರು, ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕು, ನಿಮ್ಮ ಸಹವಾಸವೇ ಬೇಡ. "ನಾವೆಲ್ಲ ಛಾಯ್ಸ್ ಎರಡರ ಜನ ಕಣ್ರೀ. ನಿಮ್ಮ ಮಗಳು ಮೂರು ಒತ್ತಕ್ಕೆ ಹೊರಟಿದಾಳೆ, ಅಷ್ಟೇ." ತಾವು ಮದುವೆಗೆ ಯಾವ ಛಾಯ್ಸ್ ಒತ್ತಿದ್ದಿರಿ ಎಂದು ಕೇಳೋಣವೆನ್ನಿಸಿತು. ಒಳಗೆ ಅವರ ಮನೆಯವರ ಬಳೆ ಸದ್ದಾದ್ದರಿಂದ ಸುಮ್ಮನಾದೆ.

ಈಗಿನ ಮಕ್ಕಳನ್ನು ಬೈದೂ ಪ್ರಯೋಜನವಿಲ್ಲ. 2025ರಲ್ಲಿ ಪಿಯುಸಿಗೇ ಪರೀಕ್ಷೆ 1, 2, 3 ಎಂದು ಮೂರಿದ್ದವು. ಜೆಇಇ ಮೇನ್ ವರ್ಷಕ್ಕೆ ಎರಡು ಸಲ. ನೀಟ್ ವರ್ಷಕ್ಕೊಂದೇ ಆದರೂ ಎಷ್ಟು ವರ್ಷ ಬೇಕಾದರೂ ಬರೆಯಬಹುದು. 2022ರಲ್ಲಿ ಗರಿಷ್ಠ ವಯೋಮಿತಿಯನ್ನೂ ತೆಗೆದುಹಾಕಿದರು. "ಹಾಗಾದ್ರೆ ನೀನೂ ಬರಿ ಅಪ್ಪಾ, ಇಬ್ಬರೂ ಒಟ್ಟಿಗೆ ಹೋಗೋಣ" ಅಂದಳು ಮಗಳು. ಸದ್ಯ, ಪಿಯುಸಿ ಭೌತಶಾಸ್ತ್ರದಲ್ಲಿ ನನಗೆ ಬಂದದ್ದೆಷ್ಟು ಎಂದು ನೆನಪಿಸಿ ಪಾರಾದೆ. ಮೂವತ್ತನಾಲ್ಕು ವರ್ಷದ ಮೇಲೆ ನನ್ನ ಆ 35 ಅಂಕ ಉಪಕಾರಕ್ಕೆ ಬಂತು.

ಕೊನೆಗೆ ಬಾಯಿಬಿಟ್ಟವರು ಅಮ್ಮ. ನಮ್ಮದು ಅರಸೀಕೆರೆ ಸೀಮೆ, ಮನೆ ಮೇಲೆ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ಹತ್ತು ಹನ್ನೊಂದು ತಿಂಗಳು ಅಲ್ಲೇ ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗುಂಡು ಉರುಳಿದಂತೆ ಸದ್ದು. ಅಮ್ಮ ಮೊಮ್ಮಗಳನ್ನು ಅಟ್ಟಕ್ಕೆ ಹತ್ತಿಸಿ ನಾಲ್ಕು ಕಾಯಿ ಇಳಿಸಿದರು. ಮಚ್ಚಿನಲ್ಲಿ ಸುಲಿದು ಒಡೆದರು. ಎರಡು ಒಳ್ಳೆಯ ಕೊಬ್ಬರಿ, ಇನ್ನೊಂದರಲ್ಲಿ ನೀರು ಇನ್ನೂ ಇಂಗಿರಲಿಲ್ಲ, ನಾಲ್ಕನೆಯದು ಕೊಳೆತು ನಾರುತ್ತಿತ್ತು.

"ಒಂದೇ ಮರದ ಕಾಯಿ ಕಣೇ ಇವು. ಒಂದೇ ದಿನ ಅಟ್ಟಕ್ಕೆ ಹಾಕಿದ್ದು. ಚಟ್ನಿಗೆ ಬೇಕಾದೋರು ಅವತ್ತೇ ಒಡ್ಕೊಂಡು ತಿಂದ್ರು."

"ಹಾಗಾದ್ರೆ ರಿಪೀಟ್ ಬೇಡ ಅಂತೀಯಾ ಅಜ್ಜಿ?"

"ನಾನೆಲ್ಲಂದೆ? ಕೊಬ್ಬರಿಗೆ ಕಾಯಿಗಿಂತ ಬೆಲೆ ಜಾಸ್ತಿ. ನಿಂಗೆ ಚಟ್ನಿ ಬೇಕಾ, ಕೊಬ್ಬರಿ ಮಿಠಾಯಿ ಬೇಕಾ ನೋಡ್ಕೊ."

ಮೇಷ್ಟ್ರ ಛಾಯ್ಸ್‌ಗಳಿಗಿಂತ ಇದು ಇನ್ನೂ ಗೋಜಲಾಯಿತು. ಮಗಳು ಮಾತ್ರ ಎರಡು ದಿನ ಹಾಳೆ ಮುಟ್ಟಲಿಲ್ಲ. ಮೂರನೆಯ ದಿನ ಕೇಳಿದಳು, "ಬೆಂಗಳೂರಲ್ಲಿ ಓದಿದ ಡಾಕ್ಟ್ರಿಗೂ ಬೀದರಲ್ಲಿ ಓದಿದ ಡಾಕ್ಟ್ರಿಗೂ ಎಂಬಿಬಿಎಸ್ ಒಂದೇ ಅಲ್ವಾಪ್ಪ?" ಒಂದೇ ಅಂದೆ. ಆಪ್ಷನ್ ಎಂಟ್ರಿಯಲ್ಲಿ ಬೆಂಗಳೂರು, ಮೈಸೂರು ಎಲ್ಲ ಮೊದಲಿಗೆ ತುಂಬಿಸಿ, ಕೊನೆಗೆ ಬೀದರ್ ಹಾಕಿದಳು. ಬೀದರೇ ಸಿಕ್ಕಿತು. ಅಮ್ಮನ ಪ್ರಕಾರ ಅರಸೀಕೆರೆ ಜಂಕ್ಷನ್ ದಾಟಿದ ಮೇಲೆ ಎಲ್ಲ ಊರೂ ಬೀದರೇ ಆದ್ದರಿಂದ ಅವರೇನೂ ಗಾಬರಿಯಾಗಲಿಲ್ಲ. ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಮಾಡಿ ಕಳಿಸಿದರು.

ಅಟ್ಟದ ಮೇಲೆ ಈಗ ಕಾಯಿಗಳ ಪಕ್ಕ ಎರಡು ರಟ್ಟಿನ ಪೆಟ್ಟಿಗೆ ನೀಟ್ ಪುಸ್ತಕಗಳಿವೆ. ಭೌತಶಾಸ್ತ್ರದವಂತೂ ಹೊಸದರಂತಿವೆ. ತೂಕಕ್ಕೆ ಹಾಕಲು ಮನಸ್ಸಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಒಳ್ಳೆಯ ಅಂಕ ಬಂದು ತೊಂದರೆಯಾಗಿದ್ದರೆ, ದಯವಿಟ್ಟು ಬಂದು ಇಳಿಸಿಕೊಂಡು ಹೋಗಿ. ಏಣಿ ನಮ್ಮಲ್ಲೇ ಇದೆ.